ಹತ್ತೊಂಬತ್ತನೇ ನೆರಿಗೆ

ಗುದೈಬಿಯಾದ ಗಲ್ಲಿಯಲ್ಲಿ ನಮ್ಮ ಇಸ್ತ್ರಿ ಅಂಗಡಿ.
ದಿನಕ್ಕೆ ನೂರಿಪ್ಪತ್ತು ತೋಬು, ಬಿಳಿಯ ಮೇಲೆ ಬಿಳಿ;
ಸಂಜೆಗೆ ಕಣ್ಣು ಸುಣ್ಣದ ಗೋಡೆ.
ಅದರ ನಡುವೆ ತಿಂಗಳಿಗೊಮ್ಮೆ
ಹಳೇ ಪೇಪರಿನಲ್ಲಿ ಸುತ್ತಿ ತರುತ್ತಾನೆ
ಹಡಗುಗಳ ತಳ ತಟ್ಟಿ ನೋಡುವ ಫರ್ಕರ್ ಸಾಹೇಬ
ತನ್ನ ಉಣ್ಣೆಯ ಕಿಲ್ಟು.

ಮೊದಲ ಸಲ ಬೀರಾನಿಕ್ಕಾ ಚೀಟಿಯಲ್ಲಿ
'ಲೇಡೀಸ್ ಸ್ಕರ್ಟು, ಒಂದು' ಅಂತ ಬರೆದ.
ಸಾಹೇಬ ನಗಲಿಲ್ಲ, ಸಿಟ್ಟೂ ಆಗಲಿಲ್ಲ.
ಪೆನ್ನು ಇಸಕೊಂಡು ಹೊಡೆದುಹಾಕಿ
ನನ್ನ ಲುಂಗಿಯತ್ತ ಗದ್ದ ತೋರಿಸಿದ:
"ಅದರ ಅಣ್ಣ ಇದು."

ನೀರಿಗೆ ಹಾಕಬೇಡ, ಅಂದ ಆಮೇಲೆ.
ನನಗೆ ಹೇಳಿಕೊಡಬೇಕೆ?
ಚಳ್ಳಕೆರೆ ಕಡೆಯವನು, ಕಂಬಳಿ ನೇಯುವವರ ಮನೆ.
ಹುಣಸೆಬೀಜದ ಸರಿ ಉಂಡ ಹಾಸಿನ ಕೆಳಗೆ
ಅಂಬೆಗಾಲಿಟ್ಟವನು ನಾನು.
ಹೊಸ ಹುಡುಗ ಶಾಹಿನೂರ್ ಒಮ್ಮೆ
ಅದನ್ನು ಮೆಷಿನ್ನಿನ ಬಾಯಿಗೆ ಹಿಡಿದಿದ್ದ.
ನಾನು ಕೂಗಿದ ಕೂಗಿಗೆ
ಎದುರಿನ ಶಾವರ್ಮಾದವನು ಚೂರಿ ಕೆಳಗಿಟ್ಟ.

ತೂಗುಹಾಕಿ, ಮೇಲಿಂದ ಕೆಳಕ್ಕೆ ಬ್ರಷ್ಷು.
ಉದುರುತ್ತದೆ ಮರಳು, ಸಿತ್ರಾದ ಉಪ್ಪು,
ಮೀನು ಮಾರ್ಕೆಟ್ಟಿನ ಒಂದೇ ಒಂದು ಪೊರೆ.
ಬ್ಯಾಂಕಿಗೂ ಇದೇ, ಹಲ್ಲಿನ ಡಾಕ್ಟರಿಗೂ ಇದೇ,
ಎಸಿ ಕೆಟ್ಟಿತೆಂದು ಮನೆ ಮಾಲೀಕನ ಹತ್ತಿರ
ಜಗಳಕ್ಕೆ ಹೋದರೂ ಇದೇ.
"ಜುಲೈನಲ್ಲಿ ಸೆಕೆ ಆಗಲ್ವಾ ಸಾಹೇಬ?"
"ಕುರಿಯನ್ನ ಕೇಳು."

ನಮ್ಮ ಹೆಂಗಸರ ನೆರಿಗೆ ಮುಂದೆ, ಇವನದು ಹಿಂದೆ.
ಅವರದು ದಿನಾ ಬೆಳಿಗ್ಗೆ ಹೊಸದು,
ಹಲ್ಲಲ್ಲಿ ಪಿನ್ನು ಕಚ್ಚಿ, ಬೆರಳಲ್ಲಿ ಎಣಿಸಿ.
ಇವನದು ಯಾವಳೋ ಮುದುಕಿ ಒಮ್ಮೆ ಹಿಡಿದು
ಹೊಲಿದು ಬಿಟ್ಟದ್ದು, ಇಪ್ಪತ್ತೇಳು.
ಒಂದೊಂದರ ಕಾಲಿಗೂ ಬಿಳಿ ದಾರದ ಉದ್ದ ಹೊಲಿಗೆ ಕಟ್ಟಿ,
ಒದ್ದೆ ಬಟ್ಟೆ ಹಾಸಿ,
ಪೆಟ್ಟಿಗೆ ಎಳೆಯದೆ
ಇಟ್ಟು ಎತ್ತಿ, ಇಟ್ಟು ಎತ್ತಿ.
ಆವಿ ಮೂಗಿಗೆ ಬಡಿಯುತ್ತದೆ:
ಮಂದೆ ನೆನೆದ ವಾಸನೆ.
ಸಮುದ್ರದ ನಡುವಿನ ಈ ಊರಲ್ಲಿ.

ಹೋದ ಸೆಪ್ಟೆಂಬರಿನಲ್ಲಿ ನುಸಿ ಹೊಕ್ಕಿತ್ತು.
ಹತ್ತೊಂಬತ್ತನೇ ನೆರಿಗೆಯ ಒಳಮಗ್ಗುಲಲ್ಲಿ
ಹೆಸರುಕಾಳಿನಷ್ಟು ತೂತು,
ಹಸಿರು, ಹಳದಿ ಎರಡನ್ನೂ ಬಿಟ್ಟು
ಸರಿಯಾಗಿ ಕಪ್ಪು ಪಟ್ಟೆಯ ಮೇಲೆ.
ಸೂಕ್‌ನಲ್ಲಿ ಸಿಕ್ಕಿದ್ದೆಲ್ಲ ನೈಲಾನು,
ಹೊಳೆಯುವ ಸುಳ್ಳು ಕಪ್ಪು.

ಇಸ್ತ್ರಿಮೇಜಿನ ಬಟ್ಟೆ ಸರಿಸಿದೆ.
ಕೆಳಗೆ ಅಪ್ಪ ನೇಯ್ದ ಕಂಬಳಿ,
ಮಡಿಸಿ ಹಾಸಿದ್ದು,
ಹನ್ನೊಂದು ವರ್ಷದಿಂದ ಪರರ ಬಟ್ಟೆಯ ಕಾವು ಕುಡಿದದ್ದು.
ಅಂಚಿನಿಂದ ಒಂದೆಳೆ ಎಳೆದೆ.
ಬಣ್ಣಕ್ಕೆ ಅದ್ದದ ಕಪ್ಪು,
ಕುರಿ ಹುಟ್ಟುತ್ತಲೇ ತಂದ ಕಪ್ಪು.
ಸೂಜಿಯ ಕಣ್ಣಿಗೆ ದಪ್ಪವಾಯಿತು;
ಉಗುಳು ಹಚ್ಚಿ ಹೊಸೆದು ತೂರಿಸಿದೆ.
ಚೀಟಿಯಲ್ಲಿ ಬರೆಯಲಿಲ್ಲ.

ಹತ್ತು ದಿನಕ್ಕೇ ಬಂದ ಸಾಹೇಬ.
"ಕೂತಾಗ ಇಲ್ಲೇನೋ ಚುಚ್ಚುತ್ತೆ."
ಸಿಕ್ಕಿಬಿದ್ದೆ. ತೆಗೆದುಬಿಡಲಾ, ಅಂದೆ,
ಕತ್ತರಿಗೂ ಕೈಹಾಕಿದೆ.
ಅವನು ನೆರಿಗೆ ಮಗುಚಿ, ಕನ್ನಡಕ ಹಣೆಗೇರಿಸಿ,
ಹೊಲಿಗೆಯನ್ನು ಹೆಬ್ಬೆರಳಲ್ಲಿ ಉಜ್ಜಿದ. ಮೂಸಿದ.
"ಇದು ನಮ್ಮ ಕುರಿಯಲ್ಲ," ಅಂದ.

ಮೇಜಿನ ಬಟ್ಟೆ ಎತ್ತಿ ತೋರಿಸಿದೆ.
ಆಗಷ್ಟೇ ತೋಬು ಇಳಿದಿತ್ತು, ಬೆಚ್ಚಗಿತ್ತು ಕಂಬಳಿ.
ಅಂಗೈ ಚಪ್ಪಟೆ ಊರಿ
ನಿಂತೇ ಇದ್ದ ಮನುಷ್ಯ,
ಹಡಗಿನ ತಳಕ್ಕೆ ಕಿವಿಗೊಟ್ಟವನ ಹಾಗೆ.

"ಚುಚ್ಚಲಿ ಬಿಡು."

ಬೀರಾನಿಕ್ಕಾ ಒಳಗಿಂದ ಕೂಗುತ್ತಿದ್ದ,
ಮದುವೆಮನೆಯ ತೋಬು ನಾಲ್ಕಕ್ಕೆ ಬೇಕಂತೆ.