ನೆಲ ತಟ್ಟಿ ನೋಡುವವನು

ಒಂದು ರೂಪಾಯಿ ನಾಣ್ಯ ಸಾಕು ನನಗೆ.
ಕುಕ್ಕರುಗಾಲಲ್ಲಿ ಕೂತು, ತಟ್ಟಿ, ಕಿವಿಗೊಟ್ಟರೆ
ಟೈಲ್ಸಿನಡಿ ಗಾರೆ ತುಂಬಿದೆಯೋ ಬರೀ ಗಾಳಿಯೋ
ನೆಲವೇ ಹೇಳುತ್ತದೆ.
ಇಪ್ಪತ್ತೆರಡು ವರ್ಷದ ಕಸುಬು.
ಮಗಳಿಗೆ ನಾಟ್ಯಶಾಲೆ ಹುಡುಕಲು ಹೊರಟಾಗಲೂ
ಜೇಬಿನಲ್ಲಿದ್ದದ್ದು ಅದೇ.

ಸಾಲಗಾಮೆ ರಸ್ತೆಯ ಶಾಲೆಗೆ ಗೋಡೆಯಗಲ ಕನ್ನಡಿ.
ಬೆಳಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು ನೃತ್ಯ,
ನಡುವೆ ಉಳಿದ ಹೊತ್ತಲ್ಲಿ ಗಣಿತ, ವಿಜ್ಞಾನ, ನಿದ್ದೆ.
'ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿಸ್ತೀವಿ' ಎಂದರು.
ಚಂದ್ರಕಲಾ ನನ್ನ ಮುಖ ನೋಡಿದಳು.
ನಾನು ನೆಲ ನೋಡುತ್ತಿದ್ದೆ.
ನಾನೇ ಹಾಕಿದ ನೆಲ.
ಉದ್ಘಾಟನೆಗೆ ಮೂರೇ ದಿನ ಇತ್ತು ಆಗ,
'ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಸಿಮೆಂಟು,
ಕೂರಿಸಿಬಿಡು ಮೇಸ್ತ್ರಿ' ಎಂದಿದ್ದರು.
ಕೂರಿಸಿಬಿಟ್ಟಿದ್ದೆ.
ಅದರ ಮೇಲೆ ಹದಿನೆಂಟು ಮಕ್ಕಳು
ತೈಯಾ ತೈ ಎನ್ನುವಾಗ
ಯಾವ ಹೆಜ್ಜೆ ಎಲ್ಲಿ ಪೊಳ್ಳೆಂದು
ನನ್ನೊಬ್ಬನಿಗೇ ಗೊತ್ತಾಗುತ್ತಿತ್ತು.

ಹೇಮಾವತಿ ನಗರದಲ್ಲಿ ಮರದ ನೆಲ.
ಹಲಗೆಯಡಿ ಪಟ್ಟಿ, ಪಟ್ಟಿಯಡಿ ರಬ್ಬರು,
ಇಟ್ಟ ಕಾಲನ್ನು ವಾಪಸು ಕೊಡುವ ನೆಲ.
ಬೆಲೆ ಕೇಳಿದೆ, ಹಲಗೆಯದ್ದಲ್ಲ, ವರ್ಷದ್ದು.
ಅಷ್ಟು ದುಡ್ಡಿಗೆ ಎಷ್ಟು ಚದರಡಿ ಮಂಡಿಯೂರಬೇಕೆಂದು
ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿ
ಗೇಟಿನ ಹತ್ತಿರ ಬಿಟ್ಟುಬಿಟ್ಟೆ.

ಪೆನ್ಷನ್ ಮೊಹಲ್ಲಾದ ಅಲಮೇಲು ಟೀಚರ್ ಮನೆಯಲ್ಲಿ
ಎಂಟೇ ಮಕ್ಕಳು, ಒಂದೇ ಬಚ್ಚಲು,
ಕೆಂಪು ಗಾರೆ, ಅಲ್ಲಲ್ಲಿ ಸೀಳು.
ತಟ್ಟಿದರೆ ಬಂಡೆಯ ಸದ್ದು.
'ಮಂಡಿ ತಿನ್ನೋ ನೆಲ ಕಣೇ' ಎಂದೆ ಮೆಲ್ಲಗೆ.
ಟೀಚರು ಲಿಖಿತಳ ಮುಂದೆ ಕೂತು
ಹಿಮ್ಮಡಿ ಹಿಡಿದು ಒಂದಿಷ್ಟು ಹೊರಗೆ ತಿರುಗಿಸಿ
'ಬಡೀಬೇಡ, ಇಡು' ಎಂದರು.
ಏಳುವಾಗ ಎಡಗೈ ಮಂಡಿಗೂರಿ,
ಬಲಗೈಯಲ್ಲಿ ಗೋಡೆ ಹುಡುಕಿ,
ಅರ್ಧಕ್ಕೇ ನಿಂತು ಉಸಿರು ಬಿಟ್ಟು, ಆಮೇಲೆ ಎದ್ದರು.
ನಾನು ಏಳುವುದೂ ಹಾಗೇ.
'ತಿಂದಿದೆ' ಎಂದರು, ನನ್ನ ಕಡೆ ನೋಡದೆ.
'ಅದಕ್ಕೇ ಇವರನ್ನ ಒಂದೇ ಸಮ ಕುಣಿಸಲ್ಲ.'

ರಾತ್ರಿ ಚಂದ್ರಕಲಾ ಮೂರೂ ಶಾಲೆಯ ಚೀಟಿ ಹರಡಿಕೊಂಡು
ಫೀಸು ಓದಲಿಲ್ಲ, ನಿಯಮ ಓದಲಿಲ್ಲ.
'ಹನ್ನೊಂದು ವರ್ಷದ್ದು,
ನಿದ್ದೇಲಿ ಹೊದಿಕೆ ಒದೆಯುತ್ತೆ,
ಅಲ್ಲಿ ಯಾರು ಹೊದಿಸ್ತಾರೆ?' ಎಂದಳು.
ಇದಕ್ಕೆ ತಟ್ಟಿ ನೋಡುವ ಉಪಾಯ ನನಗೆ ಗೊತ್ತಿಲ್ಲ.

ಅಡುಗೆಮನೆಯಲ್ಲಿ ಲಿಖಿತ ಹೆಜ್ಜೆ ಇಡುತ್ತಿದ್ದಳು, ಬಡಿಯದೆ.
ಸಿಂಕಿನ ಪಕ್ಕದ ಆ ಒಂದು ಟೈಲ್ಸು,
ಯಾರದೋ ಮನೆಯಲ್ಲಿ ಉಳಿದದ್ದು,
ಕೆಲಸ ಮುಗಿಸಿ ಬಂದ ದಣಿವಿನಲ್ಲಿ ಅಂಟಿಸಿದ್ದು, ಒಳಗೆ ಪೊಳ್ಳು.
ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು.
'ಭಾನುವಾರ ಕಿತ್ತು ಸರಿಯಾಗಿ ಹಾಕ್ತೀನಿ' ಎಂದೆ.
'ಬೇಡಪ್ಪಾ, ಮನೇಲಿ ಇದೊಂದೇ ಮಾತಾಡೋದು.'

ಸೋಮವಾರ ಹೇಳ್ತೀವಿ ಅಂತ
ಮೂರೂ ಕಡೆ ಹೇಳಿ ಬಂದಿದ್ದೇವೆ.
ಇವತ್ತು ಗುರುವಾರ.