ಬಿಚ್ಚದ ಕಟ್ಟು

ಮೊದಲನೇ ಸಲ ಸೈಕಲ್ ಮ್ಯಾಲೆ ಬಂದಿದ್ದ ಕೊಟ್ರೇಶಿ,
ಬೆಟಗೇರಿ ಕಡಿಂದ, ರಣಾ ಬಿಸಲಾಗ, ಅಂಗಿ ಬಗಲು ತೊಯ್ದಿತ್ತು.
ನೇಕಾರರ ಕೂಲಿ, ಕುಡಿಯೋ ನೀರು. ಎರಡೇ ಮಾತು.
ಶಾಲಿ ನೋಟಬುಕ್ಕಿನ ಹಾಳಿ ಹರದು ಪೆನ್ಸಿಲಿಲೆ ಬರಕೊಂಡಿದ್ದ.
"ಐನೂರು ಪ್ರತಿ. ರೊಕ್ಕ ವಾರ ಬಿಟ್ಟು ಕೊಡ್ತೀನ್ರಿ."
ಪ್ರೆಸ್ಸಿನ ಮಾಲಕರು ನನ್ನ ಮಾರಿ ನೋಡಿದರು.
ನಾ ಆಗಲೇ ಸ್ಟಿಕ್ಕು ಕೈಯಾಗ ಹಿಡದಿದ್ದೆ.

ಮೊಳಿ ಜೋಡಸೂಮುಂದ ಮಗ್ಗಲಿಗೇ ನಿಂತ.
"ಇಷ್ಟು ಸಣ್ಣವು, ಹೆಂಗ ಗುರ್ತ ಹಿಡೀತೀರಿ ಯಮನೂರಪ್ಪಣ್ಣ?"
ಅಣ್ಣ ಅಂದದ್ದು ಇನ್ನೂ ಕಿವ್ಯಾಗ ಐತಿ.

ಕಡೀ ಸಾಲು:
ಮನೆಮನೆಗೆ ನೀರು ತರಲು ಪ್ರಯತ್ನಿಸುತ್ತೇನೆ.
ಸಾಲು ತುಂಬಲಿಲ್ಲ. ನಡುವ ಒಂದು ಶಬ್ದದಷ್ಟು ಜಾಗ ಖಾಲಿ.
ಅಲ್ಲೆ ಅಕ್ಷರ ಇಲ್ಲದ ಮೊಳಿ ಹಾಕಬಹುದಿತ್ತು,
ಅದಕ್ಕಂತನs ಒಂದು ಮನಿ ತುಂಬ ಇರತಾವ ಕೇಸಿನಾಗ.
ನಾ "ಖಂಡಿತ" ಕೂಡಿಸಿದೆ.

ಪ್ರೂಫು ಹಿಡದು ಎರಡು ಸಲ ಗಟ್ಟಿಯಾಗಿ ಓದಿದ.
ಎರಡನೇ ಸಲಕ್ಕ ದನಿ ಬ್ಯಾರೆ ಇತ್ತು.
"ಚಲೋ ಕುಂತೈತಿ ಇದು" ಅಂದ.
ಮುಂದಿನ ಚೀಟಿಯೊಳಗ ಪ್ರಯತ್ನ ಬಿದ್ದುಹೋತು.
ಖಂಡಿತ ಉಳೀತು.

ಆಮ್ಯಾಲೆ ಜೀಪು. ಆಮ್ಯಾಲೆ ಪರದೆ ಹಾಕಿದ ಕಾರು.
ಟಾಂಗಾಕೂಟದಾಗ ಮಾತಿಗೆ ನಿಂತನಂದ್ರ
ತುಂಗಭದ್ರೆ ಮುಳಗುಂದ ನಾಕಾ ದಾಟಿ ಬಂದಂಗ ಆಗೂದು.
ಆವತ್ತು ರಾತ್ರಿ ಮನೀಗೆ ಬಂದು ನನ್ನ ಹೇಣ್ತಿ
ಬೋರಲ ಇದ್ದ ಕೊಡ ಎತ್ತಿ
ಬಾಯಿ ಮ್ಯಾಲ ಮಾಡಿ ಇಟ್ಟಳು.

ಅಚ್ಚಾದ ಮ್ಯಾಲೆ ಮೊಳಿ ಬಿಚ್ಚಿ ಮನಿಮನಿಗೆ ಹಾಕೋದು ಕಸಬಿನ ರೀತಿ.
ಇದೊಂದು ಸಾಲು ನಾ ಬಿಚ್ಚಲಿಲ್ಲ.
"ಶೀಘ್ರದಲ್ಲೇ ನೀರು ಖಂಡಿತ": ದಾರ ಸುತ್ತಿ ಗ್ಯಾಲಿ ಮೂಲ್ಯಾಗ ಇಟ್ಟೆ.
ಹೆಂಗೂ ಮತ್ತ ಬೇಕಾಗತೈತೆಲ್ಲ.
ಐದು ಇಲೆಕ್ಷನ್ ಅದೇ ಕಟ್ಟು.
ಐದನೇದ್ದಕ್ಕ ತ ಸವದು ಮಸಿ ಹಿಡೀಲಿಲ್ಲ.
ಖಂಡಿ ಅಂತನs ಊರತುಂಬ ಹಂಚಿದರು.
ಯಾರೂ ಕೇಳಲಿಲ್ಲ.

ಒಮ್ಮೆ ಐಬಿಗೆ ಹೋದೆ. ಹದಿನೆಂಟು ದಿನಾಗಿತ್ತು ನಳ ಬಿಟ್ಟು.
ಮರತಿರ್ತಾನ ಅಂದಕೊಂಡಿದ್ದೆ, ಮರತಿರಲಿಲ್ಲ.
ಹೆಗಲ ಮ್ಯಾಲೆ ಕೈ ಹಾಕಿ ಎಲ್ಲಾರಿಗೂ ತೋರಿಸಿದ:
"ನೋಡ್ರಿ, ನನ್ನ ಮೊದಲ ಅಕ್ಷರ ಕೂಡಿಸಿದವರು ಇವರು.
ಇಂಥಾ ಕೈಗಳ ಋಣ ನನ್ನ ಮ್ಯಾಲೈತಿ."
ಮಂದಿ ಚಪ್ಪಾಳಿ ಹೊಡದರು. ನಾನೂ ಹೊಡದೆ.
ಏನು ಕೇಳಾಕ ಹೋಗಿದ್ದೆ ಅನ್ನೋದು
ಓಣಿ ತಿರುವಿನಾಗ ಟ್ಯಾಂಕರಿಗೆ ಹಚ್ಚಿದ ಕೊಡದ ಸಾಲು ನೋಡಿ ನೆಪ್ಪಾತು.

ನಾವು ಅಕ್ಷರ ತಲೆಕೆಳಗ ಓದೋ ಮಂದಿ.
ಅಂವನ್ನ ಮಾತ್ರ ನೆಟ್ಟಗ ಓದಿದ್ದೆ.

ಪ್ರೆಸ್ಸು ಮುಚ್ಚಿತು. ಟ್ರೆಡಲ್ಲು, ಕೇಸು, ಕನ್ನಡದ ಅಷ್ಟೂ ಮೊಳಿ
ಕಿಲೋದ ಲೆಕ್ಕದಾಗ ಮೋಡಕಾಕ ಹೋದವು.
ತಕ್ಕಡಿ ಮುಂದ ಅ, ಕ್ಷ, ಪೂರ್ಣವಿರಾಮ, ಎಲ್ಲಾದಕ್ಕೂ ಒಂದs ದರ.
ಆ ಕಟ್ಟು ಮಾತ್ರ ಕಿಸೆದಾಗ ಇಟಗೊಂಡು ಬಂದೆ.
ಯಾಕಂತ ಹೇಣ್ತಿ ಕೇಳಿದಳು. ಹೇಳಾಕ ಬರಲಿಲ್ಲ.
ಸೀಸ ಅಲ್ಲೇನು, ಭಾರ ಐತಿ.
ಅಂಗಳದಾಗ ನೀರಿನ ಡ್ರಮ್ಮಿನ ಮುಚ್ಚಳ ಗಾಳಿಗೆ ಹಾರತಿತ್ತು,
ಅದರ ಮ್ಯಾಲೆ ಹೇರೀವಿ.

ನಿನ್ನೆ ಸಂಜಿಗೆ ಮತ್ತ ಟಾಂಗಾಕೂಟದಿಂದ ಮೈಕಿನ ದನಿ ಬಂತು.
ಮುದುಕಾಗ್ಯಾನ, ದನಿ ಆಗಿಲ್ಲ.
ಉಸಿರು ಹಿಡದು, ತಡದು, ನಾ ಕೂಡಿಸಿದ್ದ ಜಾಗಕ್ಕs ಬಂದು
ಆ ಶಬ್ದ ಇಟ್ಟ.
"ಏನಂತಾನ?" ಅಂದಳು ಹೇಣ್ತಿ. ಈಗೀಗ ಆಕಿಗೆ ಕಿವಿ ಮಂದ.
ನಾ ಮಾತಾಡಲಿಲ್ಲ.
ಆಕಿ ಕಟ್ಟು ಎತ್ತಿ ಬದಿಗಿಟ್ಟು, ಮುಚ್ಚಳ ತಗದು,
ಬಗ್ಗಿ, ತಂಬಿಗಿ ಇಳಿಸಿದಳು.
ತಳಕ್ಕ ಬಡದ ಸಪ್ಪಳ ಆಕಿಗೂ ಕೇಳಿಸಿತು.