ಅದೇನು, ಮೇಸ್ತ್ರಿ?

ಯಂಗ್ಸ್‌ಟೌನಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ
ನಾಲ್ಕು ಜನ ನಿಕಲ್‌ಗಳು ಒಂದೇ ಮೇಜಿಗೆ ಕೂತಿದ್ದೇವೆ.
ಉಕ್ಕಿನ ಮೇಸ್ತ್ರಿಗಳು ಮೇಲಿನ ಹಾಲಿನಲ್ಲಿ. ಅವರಿಗಾಗಿ ನಿಂತ ಸಾಲು
ಮೆಟ್ಟಿಲಿಳಿದು, ನಮ್ಮ ಮುಂದೆಯೇ ಹಾದು
ಕಾರು ನಿಲ್ಲಿಸುವ ಜಾಗದ ತನಕ ಬೆಳೆದಿದೆ.
ಹಾಗೆ ನೋಡಿದರೆ ನಮ್ಮ ಮುಂದೆಯೂ ಜನ ಇದ್ದಾರೆ,
ಬೆನ್ನು ಹಾಕಿಕೊಂಡು.

ಮೊದಲನೆಯವಳು ನಾನು. ಆರ್ಲೀನ್ ಹ್ರುಷ್ಕಾ, ತೊಂಬತ್ತೊಂದು.
ರೇಡಿಯೋದಲ್ಲಿ ಹುಡುಗನ ದನಿಗೆ ಹುಡುಗಿಯೇ ಬೇಕಿತ್ತು,
ಹುಡುಗರ ಗಂಟಲು ಕರಾರು ಮುಗಿಯುವ ಮೊದಲೇ ಒಡೆಯುತ್ತಿತ್ತು.
ನಿಕಲ್ ಅಂದರೆ ಐದು ಸೆಂಟಿನ ಬಿಲ್ಲೆ.
ಚಿತ್ರಪುಸ್ತಕಕ್ಕೆ ಹತ್ತು ಸೆಂಟು, ಅದರಲ್ಲಿ ಅರ್ಧ ನಾನು
ಅಂತ ಅಪ್ಪ ನಗುತ್ತಿದ್ದ.
ಐದು ವರ್ಷ ನನಗಿದ್ದದ್ದು ಒಂದೇ ಮಾತು:
“ಅದೇನು, ಮೇಸ್ತ್ರಿ?”

ಕೇಳುವವರಿಗೆ ಕಣ್ಣಿಲ್ಲವಲ್ಲ. ನಾನು ಬಾಯಿ ಬಿಡದಿದ್ದರೆ
ಸೇತುವೆ ಮುರಿದದ್ದು ಯಾರಿಗೆ ಗೊತ್ತಾಗಬೇಕು?
ಕುಲುಮೆಯೊಳಗಿಂದ ಎದ್ದ ಆ ಕೆಂಪು ಕೈ?
ಹೂಂಗುಟ್ಟುವವರಿಲ್ಲದೆ ಯಾವ ಕಥೆ ಮುಂದೆ ಹೋಗುತ್ತದೆ,
ಉಕ್ಕಿನದಾಗಲಿ, ಹತ್ತಿಯದಾಗಲಿ.

ಟೀವಿ ಬಂತು, ಎಲ್ಲರಿಗೂ ಎಲ್ಲ ಕಂಡಿತು,
ಕೇಳುವ ಕೆಲಸ ಹೋಯಿತು.
ಅದಕ್ಕೇ ಡ್ವೈಟ್‌ನನ್ನು ಕಟ್ಟಿಹಾಕಿದರು:
ರೈಲು ಹಳಿಗೆ, ಗರಗಸದ ಹಲಗೆಗೆ, ಒಮ್ಮೆ ಗಡಿಯಾರದ ಮುಳ್ಳಿಗೆ.
ಎಪ್ಪತ್ತೆಂಟು ಕಂತು. ಮಣಿಕಟ್ಟು ಈಗಲೂ ತುರಿಸುತ್ತದಂತೆ.
ಹಳದಿ ಚಡ್ಡಿಯ ವಿಷಯ ಎತ್ತಬೇಡಿ ಅನ್ನುತ್ತಾನೆ,
ಆಮೇಲೆ ತಾನೇ ಎತ್ತುತ್ತಾನೆ.

ಮಾರ್ಕೀಸ್ ಸಿನಿಮಾದವನು. ಹನ್ನೆರಡನೇ ನಿಮಿಷಕ್ಕೆ ಸತ್ತ.
ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು, ಅಷ್ಟೇ.
ಉಳಿದ ಎರಡು ಗಂಟೆ ಅವನ ಟೋಪಿ ನಟಿಸಿತು.

ಹೊಸ ಸರಣಿಯ ಇನೆಜ್, ಮೂರನೇ ಕಂತಿನಲ್ಲಿ
ಸುತ್ತಿಗೆ ಕೆಳಗಿಟ್ಟು “ನಿನ್ನ ಕೆಲಸ ನೀನೇ ನೋಡಿಕೋ” ಎಂದು
ಹೊರಟುಬಿಡುತ್ತಾಳೆ. ನಾನು ಚಪ್ಪಾಳೆ ತಟ್ಟಿದೆ.
ಎಪ್ಪತ್ತೇಳು ವರ್ಷ ಹಿಡಿಯಿತು ಆ ಬಾಗಿಲು ತೆರೆಯಲು.
ಈಗ ಕೇಳುತ್ತಾಳೆ, ಚಿಪ್ಸು ಮೆಲ್ಲುತ್ತ:
“ನಿಷ್ಠೆ ಅಂದರೆ ಬಿಟ್ಟಿ ಚಾಕರಿ ಅಲ್ವಾ, ಆರ್ಲೀನ್?”

ಇರಬಹುದು ಮಗಳೇ.
ನನ್ನ ಮೇಸ್ತ್ರಿ ಎಮೆರಿ ಪೆಟ್ರಾಸ್ ಜುಗ್ಗ,
ಒಂದು ಕಾಫಿ ಕೊಡಿಸಿದವನಲ್ಲ.
ಪತ್ರಿಕೆಯವರ ಮುಂದೆ ನನ್ನನ್ನು ಏಲೀನ್ ಎಂದ, ಎರಡು ಸಲ.
ಎಂಬತ್ತಕ್ಕೆ ಅವನ ಕಣ್ಣು ಹೋಯಿತು.
ಗುರುವಾರ ಗುರುವಾರ ಹೋಗುತ್ತಿದ್ದೆ ಆ ಆಶ್ರಮಕ್ಕೆ,
ಯಾಕೆ ಎಂದು ಕೇಳಬೇಡ, ಬಸ್ಸು ಆ ದಾರಿಯಲ್ಲೇ ಇತ್ತು.
ಕಿಟಕಿ ಕಡೆ ಮುಖ ಮಾಡಿ, ಅದೇ ಗುಡುಗು ಗಂಟಲಲ್ಲಿ:
“ಅದೇನು, ನಿಕಲ್?”

ಹಿಮ ತಳ್ಳುವ ಲಾರಿ, ಮೇಸ್ತ್ರಿ.
ಯಾರೋ ಹೆಂಗಸು, ಕೊಡೆ ಮಗುಚಿಕೊಂಡು ಗಾಳಿಗೆ ಬೈಯುತ್ತಿದ್ದಾಳೆ.
“ಕಾರ್ಖಾನೆ ಚಿಮಣಿ?”
ಇದೆ. ಹೊಗೆ ಬರ್ತಿದೆ. ಎಡಕ್ಕೆ ವಾಲಿದೆ ಹೊಗೆ.
ಆ ಚಿಮಣಿ ಕೆಡವಿ ಆರು ವರ್ಷವಾಗಿತ್ತು.
“ಹೂಂ,” ಎಂದ ಎಮೆರಿ. “ಆಮೇಲೆ?”

ಇದನ್ನೆಲ್ಲ ಇನೆಜ್‌ಗೆ ಹೇಳಲಿಲ್ಲ.
ಅವಳ ಚಿಪ್ಸಿನಲ್ಲಿ ಎರಡು ತೆಗೆದುಕೊಂಡೆ.
ಅಷ್ಟರಲ್ಲಿ ಸಾಲಿನ ಒಬ್ಬ ಪುಟ್ಟ ನಮ್ಮ ಮೇಜಿಗೆ ಕೈ ಊರಿ
ಬೂಟಿನ ದಾರ ಕಟ್ಟಿಕೊಂಡ. ನಾವ್ಯಾರೋ ಅವನಿಗೆ ಗೊತ್ತಿಲ್ಲ.
“ಅಲ್ಲಿ ಮುಂದೆ ಏನಾಗ್ತಿದೆ? ನನಗೆ ಕಾಣಿಸ್ತಿಲ್ಲ.”

ನಾಲ್ವರೂ ಒಟ್ಟಿಗೆ ಎದ್ದೆವು,
ನಾನು ಡ್ವೈಟ್‌ನ ಹೆಗಲು ಹಿಡಿದು, ತುದಿಗಾಲಲ್ಲಿ.